ಅಂಚೆಕಚೇರಿಯಿಂದ 9.4 ಮೈಲಿ

ಮೇ ಹದಿನಾಲ್ಕು, ಸೋಮವಾರ, ಬೆಳಗ್ಗೆ ಏಳು ಐವತ್ತಕ್ಕೆ ಮೈಟೆ ಲಾರಾಲ್ಡೆ ಕಾಲೇಜಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ, ನಲವತ್ತೊಂದನೇ ಬೀರುವಿನ ಬಾಗಿಲು ತೆಗೆದು ಬೂದಿ ಗಿಲಿಯಾ ಎಂಬ ಹೂವಿನ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆ ಹೂವಿನ ಹಾಳೆ ಅಂತ ಎಲ್ಲೆಲ್ಲೂ ಇದ್ದದ್ದು ಅದೊಂದೇ. ಗುರುವಾರ ಹತ್ತು ಗಂಟೆಗೆ ರಾಜ್ಯದ ಅಪರೂಪದ ಗಿಡಗಳ ಸಮಿತಿ ಸೇರಲಿತ್ತು. ಆರನೇ ವಿಷಯ ಈ ಹೂವು. ಅದು ಅಳಿದುಹೋಗಿದೆ ಎಂದು ಪಟ್ಟಿಯಿಂದ ಕೈಬಿಡಲು ಶಿಫಾರಸು ಮಾಡಿದ ವರದಿ ಬರೆದವಳು ಮೈಟೆಯೇ. ಸಹಿ ಮಾತ್ರ ಬಾಕಿ.

ಹಾಳೆಯ ಮೇಲೆ ಒಂಬತ್ತು ಗಿಡಗಳನ್ನು ಅಂಟಿಸಿದ್ದರು. ಒಂದೊಂದೂ ಎರಡು ಬೆರಳಿನ ಎತ್ತರ. ಹೂವಿನ ನೇರಳೆ ಎಂದೋ ಇಳಿದು ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು. ಬಲಗಡೆ ಕೆಳಮೂಲೆಯಲ್ಲಿ ಟೈಪು ಮಾಡಿದ ಚೀಟಿ: ಪೆನ್‌ಹೇಲ್ ಅಂಚೆಕಚೇರಿಯಿಂದ ಗಾಡಿದಾರಿಯಲ್ಲಿ ಪಶ್ಚಿಮಕ್ಕೆ 9.4 ಮೈಲಿ, ಬಿಳಿ ಬೂದಿಮಣ್ಣು, ಉತ್ತರಕ್ಕೆ ಮುಖಮಾಡಿದ ಇಳಿಜಾರು, 6,700 ಅಡಿ. ಮೇ 8, 1938. ಸಂಗ್ರಹ: ಆಲ್ಡಾ ಟ್ರೆಂಬತ್, ಸಂಖ್ಯೆ 412.

ಆಲ್ಡಾ ಟ್ರೆಂಬತ್ ಪೆನ್‌ಹೇಲ್ ಗಣಿ ಶಿಬಿರದ ಅಂಚೆಯಮ್ಮ. ಭಾನುವಾರ ಅಂಚೆಗೆ ರಜ. ಆ ದಿನ ಅವಳು ಗಿಡ ಹುಡುಕಲು ಹೋಗುತ್ತಿದ್ದಳು. ಸಾಯುವ ಹೊತ್ತಿಗೆ ಆರುನೂರಾ ಹನ್ನೊಂದು ಗಿಡ ಒಣಗಿಸಿ ಕಾಲೇಜಿಗೆ ಕಳಿಸಿದ್ದಳು. ಆ ಹಾಳೆಗಳನ್ನೆಲ್ಲ ಭೂಪಟದ ಮೇಲೆ ಗುರುತು ಮಾಡುವ ಕೆಲಸ ಇಪ್ಪತ್ತೆರಡು ವರ್ಷದ ಹಿಂದೆ ಮೈಟೆಯ ಪಾಲಿಗೆ ಬಂದಿತ್ತು. 412ಕ್ಕೆ ಅವಳು ಚುಕ್ಕೆ ಇಟ್ಟದ್ದು ಲಾರ್ಕಿನ್ ಕಣಿವೆಯಲ್ಲಿ. ಆಮೇಲೆ ಐದು ವಸಂತ ಅಲ್ಲಿ ಹುಡುಕಿದಳು. ಕಣಿವೆಯ ತುಂಬ ಬೂದುಬಣ್ಣದ ಸುಣ್ಣಕಲ್ಲು. ಬಿಳಿ ಬೂದಿಮಣ್ಣು ಔಷಧಕ್ಕೂ ಇಲ್ಲ. ಎತ್ತರ ಎಂಟುನೂರು ಅಡಿ ಕಡಿಮೆ. ಹೂವಂತೂ ಇಲ್ಲವೇ ಇಲ್ಲ.

ಹಾಗಾಗಿ ಏಪ್ರಿಲ್ ಕೊನೆಯ ಒಂದು ಶುಕ್ರವಾರ, ಊಟ ಬಿಟ್ಟು ಕೂತು, ಒಂದೇ ಉಸಿರಿಗೆ ವರದಿ ಮುಗಿಸಿದ್ದಳು. ಅದರ ನಾಲ್ಕನೇ ಪುಟದಲ್ಲಿ ಹೀಗಿತ್ತು: “ಸಂಗ್ರಾಹಕಿಗೆ ತರಬೇತಿ ಇರಲಿಲ್ಲ. ಚೀಟಿಯ ಸ್ಥಳವಿವರ ನಂಬಲು ಯೋಗ್ಯವಲ್ಲ. ಇವರ ಉಳಿದ ಹಾಳೆಗಳನ್ನೂ ಸಂಶಯದಿಂದಲೇ ನೋಡತಕ್ಕದ್ದು.” ಸಮಿತಿ ಇದನ್ನು ಒಪ್ಪಿದ ಮರುದಿನ ಕಂಪ್ಯೂಟರಿನಲ್ಲಿ ಆಲ್ಡಾಳ ಆರುನೂರಾ ಹನ್ನೊಂದು ಹಾಳೆಗಳ ಮುಂದೆಯೂ ‘ಸ್ಥಳ ಸಂಶಯಾಸ್ಪದ’ ಎಂಬ ಗುರುತು ಬೀಳುತ್ತಿತ್ತು. ಆ ಗುರುತು ಬಿದ್ದ ಹಾಳೆಯನ್ನು ಮತ್ತೆ ಯಾರೂ ತೆಗೆದು ನೋಡುವುದಿಲ್ಲ. ಮೈಟೆಗೆ ಅದು ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದಳು.

ಅವಳಿಗೆ ಅರವತ್ತಮೂರು. ಹರ್ಬೇರಿಯಂನಲ್ಲಿ ಮೊದಲು ಮೂವರಿದ್ದರು, ಆಮೇಲೆ ಇಬ್ಬರಾದರು, ಆರು ವರ್ಷದಿಂದ ಅವಳೊಬ್ಬಳೇ. ಹುಳು ಬೀಳದಂತೆ ಹಾಳೆಗಳನ್ನು ಕಟ್ಟುಕಟ್ಟಾಗಿ ಫ್ರೀಜರಿಗೆ ಹಾಕುವುದು, ತೆಗೆಯುವುದು, ಬೀರುಗಳಿಗೆ ಸೇರಿಸುವುದು. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಮೊದಲಿನದಕ್ಕೆ ಮತ್ತೆ ಹುಳು. ಬಲಮಂಡಿ ಚಳಿಗಾಲದಿಂದ ಮಡಚಲು ಒಲ್ಲೆ ಅನ್ನುತ್ತಿತ್ತು. ಆ ಬೆಳಗ್ಗೆ ಅವಳು ಹಾಳೆ ತೆಗೆದದ್ದೂ ಮತ್ತೊಮ್ಮೆ ಯೋಚಿಸಲೆಂದಲ್ಲ. ಸಹಿ ಹಾಕುವ ಮುನ್ನ ಹಾಳೆಯನ್ನು ಕಣ್ಣಾರೆ ನೋಡಬೇಕೆಂಬುದು ಅಲ್ಲಿನ ರೂಢಿ.

ಒಂಬತ್ತೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಊರುಗೋಲು ಹಿಡಿದ ಮುದುಕಿಯೊಬ್ಬಳು ಬರಲೇ ಎಂದೂ ಕೇಳದೆ ಒಳಗೆ ಬಂದಳು. ಆಲ್ಡಾಳ ಮಗಳು ವರ್ಡಾ ಟ್ರೆಂಬತ್. ವಯಸ್ಸು ಎಂಬತ್ತಾರು, ಮದುವೆಯಾದವಳಲ್ಲ. ಇಪ್ಪತ್ತೊಂಬತ್ತು ವರ್ಷ ಅಂಚೆಯ ಗುತ್ತಿಗೆ ಲಾರಿ ಓಡಿಸಿ, ಈಗ ಇದೇ ಊರಿನ ವೃದ್ಧರ ವಸತಿಯಲ್ಲಿದ್ದಳು. ಅಮ್ಮನ ಟಿಪ್ಪಣಿ ಪುಸ್ತಕಗಳನ್ನು ಹರ್ಬೇರಿಯಂಗೆ ಕೊಟ್ಟವಳು ಅವಳೇ ಆದ್ದರಿಂದ ಶಿಷ್ಟಾಚಾರಕ್ಕೆಂದು ಮೈಟೆ ವರದಿಯ ಪ್ರತಿಯೊಂದನ್ನು ಅವಳಿಗೆ ಅಂಚೆಯಲ್ಲಿ ಹಾಕಿದ್ದಳು. ಓದುತ್ತಾಳೆ ಎಂದುಕೊಂಡಿರಲಿಲ್ಲ.

“ಕೂತ್ಕೊಳ್ಳಿ, ಮಿಸ್ ಟ್ರೆಂಬತ್.”

“ಕೂರೋಕೆ ಬಂದಿಲ್ಲ.” ವರ್ಡಾ ಕೈಚೀಲದಿಂದ ನಾಲ್ಕನೇ ಪುಟ ತೆಗೆದು ಹಾಳೆಯ ಪಕ್ಕದಲ್ಲಿಟ್ಟಳು. “ಇದನ್ನ ಬರ್ದೋಳು ನೀನೇನಾ, ಇಲ್ಲ ಯಾರಾದ್ರೂ ಬರ್ಸಿದ್ರಾ?”

“ನಾನೇ.”

“ಅಮ್ಮನಿಗೆ ತರಬೇತಿ ಇರ್ಲಿಲ್ಲ, ಸರಿ. ಅವ್ಳಿಗೆ ತಕ್ಕಡಿ ಇತ್ತು. ಅರ್ಧ ಔನ್ಸ್ ಜಾಸ್ತಿ ತೂಗಿದ್ರೆ ಸ್ವಂತ ತಂಗಿ ಕಾಗದಕ್ಕೂ ಇನ್ನೊಂದು ಸ್ಟಾಂಪು ಹಚ್ಚಿಸ್ತಿದ್ಲು. ಚಿಕ್ಕಮ್ಮ ಅದಕ್ಕೇ ಎರಡು ವರ್ಷ ಮಾತು ಬಿಟ್ಟಿದ್ಲು. ಅಂಥೋಳು ಮೈಲಿ ಲೆಕ್ಕ ಕಣ್ಮುಚ್ಚಿ ಬರೀತಾಳಾ?”

ಮೈಟೆ ತನ್ನ ಲೆಕ್ಕ ಹೇಳಿದಳು. ಮೂರು ಬೇರೆಬೇರೆ ಗಾಡಿಯಲ್ಲಿ ಮೂರು ಸಲ ಅಳೆದದ್ದು, ಮೂರು ಸಲವೂ ಅದೇ ಲಾರ್ಕಿನ್ ಕಣಿವೆಗೆ ಬಂದದ್ದು, ಕಲ್ಲು ಬೇರೆ, ಎತ್ತರ ಬೇರೆ, ಟಿಪ್ಪಣಿ ಪುಸ್ತಕದಲ್ಲೂ ಚೀಟಿಯ ಮಾತೇ ಅಕ್ಷರ ಬಿಡದೆ ಇರುವುದು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಇದನ್ನು ಅವಳು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಳು.

ಪೂರ್ತಿ ಕೇಳಿಸಿಕೊಂಡ ಮೇಲೆ ವರ್ಡಾ ಕೇಳಿದ್ದು ಒಂದೇ: ಆ ಕಣಿವೆಯನ್ನು ತನಗೆ ತೋರಿಸಬೇಕು. ಗುರುವಾರಕ್ಕೆ ಮುಂಚೆ.

“ಆಗ ನಿಮಗೆ ಆರು ವರ್ಷ ಅಲ್ವಾ. ಅಮ್ಮನ ಜೊತೆ ಹೋಗಿದ್ರಾ? ನೆನಪಿದೆಯಾ?”

“ಹೋಗಿದ್ದೆ. ಕಾರಲ್ಲಿ ವಾಂತಿ ಮಾಡ್ಕೊಂಡಿದ್ದು ನೆನಪಿದೆ. ಜಾಗ ನೆನಪಿಲ್ಲ. ನೆನಪಿದೆ ಅಂತ ಸುಳ್ಳು ಹೇಳಿ ನಿನ್ನ ಕೈಲಿ ಏನೂ ಬರೆಸೋಕೆ ಬಂದಿಲ್ಲ. ಆದ್ರೆ ನಮ್ಮಮ್ಮನ್ನ ಸುಳ್ಳಿ ಅಂತ ಬರೆಯೋ ಮುಂಚೆ ಆ ಜಾಗಾನ ನಾನೊಂದ್ಸಲ ನೋಡ್ಬೇಕು.”

ಮೈಟೆ ಕಿಟಕಿಯ ಕಡೆ ನೋಡಿದಳು. ಹೋಗುವುದಕ್ಕೆ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ. ಫ್ರೀಜರಿನಿಂದ ತೆಗೆಯಬೇಕಾದ ಹದಿನೆಂಟು ಕಟ್ಟು ಹಾಗೇ ಇದ್ದವು. ಆದರೆ ಆಗುವುದಿಲ್ಲ ಎಂದು ವಾದಿಸಲು ಬೇಕಾದಷ್ಟು ತ್ರಾಣ ಆ ಹೊತ್ತಿನಲ್ಲಿ ಅವಳಲ್ಲಿರಲಿಲ್ಲ. ಹೂಂ ಅಂದುಬಿಟ್ಟಳು.

ಮಂಗಳವಾರ ಐದೂವರೆಗೆ ಇಬ್ಬರೂ ಕಾಲೇಜಿನ ಪಿಕಪ್ಪಿನಲ್ಲಿ ಹೊರಟರು. ವರ್ಡಾ ತೊಡೆಯ ಮೇಲೊಂದು ಡಬ್ಬಿ ಇಟ್ಟುಕೊಂಡಿದ್ದಳು. ಅದರೊಳಗೆ ಮಾಂಸ, ಆಲೂಗಡ್ಡೆ, ಟರ್ನಿಪ್ ತುಂಬಿ ಬೇಯಿಸಿದ ಎರಡು ಪೇಸ್ಟಿ. ಮೈಟೆಯ ಚೀಲದಲ್ಲಿ ದಪ್ಪ ಸಿಪ್ಪೆಯ ಬ್ರೆಡ್ಡು, ಕೆಂಪುಮೆಣಸು ಹಾಕಿದ ಚೊರಿಸೊ ಸಾಸೇಜು. ದಾರಿಯುದ್ದಕ್ಕೂ ಮಾತಾಡಿದವಳು ವರ್ಡಾ. ಯಾವ ತಿರುವಿನಲ್ಲಿ ಲಾರಿಯ ಆಕ್ಸಲ್ ಮುರಿದಿತ್ತು, ಯಾವ ರ‍್ಯಾಂಚಿನವನು ವರ್ಷಗಟ್ಟಲೆ ಒಂದೇ ಹೆಂಗಸಿಗೆ ಕಾಗದ ಬರೆದ, ಅವಳಿಂದ ಒಂದಕ್ಕೂ ಉತ್ತರ ಬರಲಿಲ್ಲ, ಇಂಥವು. ಮೈಟೆಯ ಅಜ್ಜ ಕಡಲಾಚೆಯ ಬಾಸ್ಕ್ ನಾಡಿನಿಂದ ಬಂದು ಇದೇ ಬೆಟ್ಟಗಳಲ್ಲಿ ಕುರಿ ಕಾಯ್ದವನು ಎಂದು ತಿಳಿದಾಗ ಅವಳಿಗೆ ನಗು ಬಂತು.

“ಕುರಿಯೋರ ಮನೆ ಹುಡುಗಿ. ಗಿಡ ಕಂಡ್ರೆ ಮೇಯಿಸ್ಬೇಕಿತ್ತು, ನೀನು ಒಣಗಿಸ್ತೀಯ.”

“ಒಣಗಿಸೋಕೂ ಸಿಗ್ತಿಲ್ಲವಲ್ಲ.”

“ನಿಮ್ಮಜ್ಜನ ಕುರಿನೇ ತಿಂದು ಮುಗಿಸಿರ್ಬೇಕು. ವರದಿಗೆ ಅದನ್ನೂ ಸೇರಿಸು.”

ಎಂಟೂ ಮೂವತ್ತೈದಕ್ಕೆ ಪೆನ್‌ಹೇಲ್ ತಲುಪಿದರು. ಅಲ್ಲೀಗ ಯಾರೂ ಇಲ್ಲ. ಸೇಜ್ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಗೋಡೆ, ತುಕ್ಕು ಹಿಡಿದ ತಗಡು. ರಸ್ತೆಯ ಪಕ್ಕ ಒಂದೇ ಒಂದು ಕಲ್ಲಿನ ಕಟ್ಟಡ ಛಾವಣಿ ಸಮೇತ ಉಳಿದಿತ್ತು. ಅದರ ಮುಂದೆ ಯಾರೋ ಇತಿಹಾಸಪ್ರಿಯರು ನೆಟ್ಟ ಕಂಚಿನ ಫಲಕ: ಪೆನ್‌ಹೇಲ್ ಅಂಚೆಕಚೇರಿ, 1931–1958. ಮೈಟೆ ಫಲಕಕ್ಕೆ ಸರಿಯಾಗಿ ಗಾಡಿ ನಿಲ್ಲಿಸಿ ಮೈಲಿ ಮೀಟರನ್ನು ಸೊನ್ನೆಗೆ ತಂದಳು.

“ಇಲ್ಯಾಕೆ ನಿಲ್ಲಿಸ್ದೆ?” ಎಂದಳು ವರ್ಡಾ.

“ಅಳತೆ ಇಲ್ಲಿಂದಲೇ ಅಲ್ವಾ.”

“ಯಾವ ಅಳತೆ?”

“9.4 ಮೈಲಿ. ಅಂಚೆಕಚೇರಿಯಿಂದ.”

ವರ್ಡಾ ಕಟ್ಟಡವನ್ನು ನೋಡಿದಳು. ಆಮೇಲೆ ಮೈಟೆಯನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತಪ್ಪು ವಿಳಾಸದ ಕಾಗದ ಕೈಗೆ ಬಂದಾಗ ಅಂಚೆಯವರ ಮುಖ ಹೇಗಿರುತ್ತದೋ ಹಾಗಿತ್ತು.

“ಇದು ಅದಿರು ಪರೀಕ್ಷೆ ಮಾಡೋ ಕೋಣೆ ಆಗಿತ್ತು. ಅದಿರು ಪುಡಿ ಮಾಡೋ ಗಿರಣಿ ಮುಚ್ಚಿದ್ಮೇಲೆ ಕಂಪನಿಯೋರು ಅಮ್ಮನಿಗೆ ಬಿಟ್ಟುಕೊಟ್ರು. ನಲವತ್ತಾರು, ಸೆಪ್ಟೆಂಬರ್. ತಕ್ಕಡಿ ಹೊತ್ತು ತಂದೋಳು ನಾನೇ.”

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೆ ಅಂಚೆ ನಮ್ಮ ಅಡುಗೆಮನೇಲಿತ್ತು.”

“ಅಡುಗೆಮನೆ ಎಲ್ಲಿತ್ತು, ಮಿಸ್ ಟ್ರೆಂಬತ್?”

“ಗಿರಣಿ ಹತ್ರ. ಅಪ್ಪ ಅಲ್ಲಿ ಪಂಪು ನೋಡ್ಕೊಳ್ತಿದ್ದ.” ಅವಳು ಊರುಗೋಲಿನ ತುದಿಯಿಂದ ದಕ್ಷಿಣಕ್ಕೆ ತೋರಿಸಿದಳು. “ಅಂಚೆ ಅಂದ್ರೆ ಕಟ್ಟಡ ಅಂದ್ಕೊಂಡ್ಯಾ? ಅಮ್ಮ ಎಲ್ಲಿದ್ಲೋ ಅದೇ ಅಂಚೆ.”

ಮೈಟೆ ಎಂಜಿನ್ ಆರಿಸಿದಳು. ಅವಳಿಗೆ ಇದು ಹೊಸ ಸಂಗತಿಯೇನಲ್ಲ, ಅದೇ ಕಷ್ಟ. ಆ ಕಾಲದಲ್ಲಿ ಆ ಬೆಟ್ಟಗಳ ಅಂಚೆಗಳೆಲ್ಲ ಹಾಗೇ ಇದ್ದದ್ದು. ಅಂಚೆಗೊಂದು ಹೆಸರು ಇರುತ್ತಿತ್ತು, ಅದನ್ನು ನೋಡಿಕೊಳ್ಳುವವರು ಒಬ್ಬರು ಇರುತ್ತಿದ್ದರು. ಮನೆ ಬದಲಾದರೆ ಅಂಚೆಯೂ ಅವರ ಮಡಕೆ ಕುಡಿಕೆಗಳ ಜೊತೆ ಗಾಡಿ ಹತ್ತಿ ಹೊಸ ಮನೆಗೆ ಹೋಗುತ್ತಿತ್ತು. ಹೆಸರು ಅದೇ, ಮುದ್ರೆ ಅದೇ. ಅವಳ ಅಜ್ಜನಿಗೆ ಊರಿನಿಂದ ಕಾಗದ ಬರುತ್ತಿದ್ದ ಅಂಚೆ ಹತ್ತು ವರ್ಷದಲ್ಲಿ ಒಂದು ರ‍್ಯಾಂಚಿನಿಂದ ಅಂಗಡಿಗೆ, ಅಂಗಡಿಯಿಂದ ಇನ್ನೊಂದು ರ‍್ಯಾಂಚಿಗೆ ಹೋದ ಕಥೆಯನ್ನು ಅವಳು ಊಟದ ಮೇಜಿನಲ್ಲಿ ಕೇಳಿಯೇ ಬೆಳೆದಿದ್ದಳು. ಕೇಳಿದ್ದವಳು ಕಂಚಿನ ಫಲಕವೊಂದನ್ನು ನಂಬಿ, ಅದರಿಂದ ಇಪ್ಪತ್ತೆರಡು ವರ್ಷ ಅಳೆದಿದ್ದಳು.

ಇದನ್ನು ಮೊದಲೇ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಅವಳು ಕೇಳಿದಳು. ಕೇಳಿದ ದನಿ ದೂರಿನಂತಿತ್ತು.

“ಯಾರು ಕೇಳಿದ್ರು? ಊರೋರಿಗೆಲ್ಲ ಗೊತ್ತಿತ್ತು. ಈಗ ಊರೇ ಇಲ್ಲ.”

ಗಿರಣಿ ಇದ್ದ ಜಾಗ ಅಲ್ಲಿಂದ ದಕ್ಷಿಣಕ್ಕೆ ನಾಲ್ಕು ಮೈಲಿ ಆಚೆ. ಅಲ್ಲಿ ಉಳಿದಿದ್ದದ್ದು ಪಂಪು ಕೂರಿಸಿದ್ದ ಸಿಮೆಂಟಿನ ದಿಂಡು ಮತ್ತು ಮನೆಗಳ ತಳಪಾಯ. ವರ್ಡಾ ದಿಂಡಿಗೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಎಣಿಸಿಕೊಂಡು ನಡೆದು, ಒಂದು ಕಲ್ಲುಸಾಲಿನ ಮುಂದೆ ನಿಂತಳು. ಒಲೆ ಇಲ್ಲಿ, ಕಾಗದದ ಗೂಡುಗಳು ಅಲ್ಲಿ, ತಕ್ಕಡಿ ಕಿಟಕಿ ಕೆಳಗೆ ಎಂದು ತೋರಿಸಿದಳು. ಹೊಸ್ತಿಲು ಇದ್ದ ಕಡೆ ಮೈಟೆ ಗಾಡಿ ತಂದು ನಿಲ್ಲಿಸಿ ಮೀಟರನ್ನು ಮತ್ತೆ ಸೊನ್ನೆಗೆ ತಂದಳು. ಆಗ ಒಂಬತ್ತೂ ಹತ್ತು.

ಅಲ್ಲಿಂದಲೂ ಒಂದು ಹಳೆಯ ಗಾಡಿದಾರಿ ಪಶ್ಚಿಮಕ್ಕೆ ಹೋಗುತ್ತಿತ್ತು. ಅದು ಲಾರ್ಕಿನ್ ಕಣಿವೆಗಲ್ಲ, ಅದರ ಪಕ್ಕದ ಟಿಬೆಟ್ಸ್ ಕಣಿವೆಗೆ. 7.1 ಮೈಲಿಯಲ್ಲಿ ದಾರಿಗೆ ಅಡ್ಡಲಾಗಿ ಒಂದು ಕಂಬ: ಇಲ್ಲಿಂದ ಮುಂದೆ ವನ್ಯಪ್ರದೇಶ, ಗಾಡಿಗೆ ಪ್ರವೇಶವಿಲ್ಲ. ಉಳಿದದ್ದು 2.3 ಮೈಲಿ, ಏರುದಾರಿ. ವರ್ಡಾ ನಡೆಯುವ ಮಾತೇ ಇರಲಿಲ್ಲ. ಅವಳನ್ನು ಜುನಿಪರ್ ಮರದ ನೆರಳಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ, ನೀರು ಮತ್ತು ಪೇಸ್ಟಿಯ ಜೊತೆ ಬಿಡಬೇಕಾಯಿತು. ಮೈಟೆ ಬೇಗ ಬರುತ್ತೇನೆ ಎಂದಳು. ಬೇಗ ಬರುವುದು ಬೇಡ, ನೋಡಿಕೊಂಡು ಬಾ ಎಂದಳು ವರ್ಡಾ.

ಹತ್ತು ಗಂಟೆಗೆ ಮೈಟೆ ನಡೆಯತೊಡಗಿದಳು. ಚಳಿಗಾಲದಲ್ಲಿ ಹಿಮ ಸರಿಯಾಗಿ ಬಿದ್ದಿರಲಿಲ್ಲ. ಸೇಜ್ ಎಲೆಗಳು ಈಗಲೇ ಮುದುಡಿದ್ದವು. ಮೊದಲ ಮೈಲಿಗೇ ಮಂಡಿ ಹಿಡಿಯಿತು. ಹಿಂದಿನ ಐದು ವಸಂತಗಳಲ್ಲಿ ಪ್ರತಿ ಸಲ ಕಣಿವೆಗೆ ಕಾಲಿಟ್ಟಾಗ ಅವಳಿಗೆ ಒಂದು ಆಸೆ ಇರುತ್ತಿತ್ತು. ಈ ಸಲ ಅದು ಬರಲಿಲ್ಲ. ಬಂದದ್ದು ಲೆಕ್ಕ. ಅಂಚೆ ಕಲ್ಲಿನ ಕಟ್ಟಡಕ್ಕೆ ಹೋದದ್ದು ನಲವತ್ತಾರರಲ್ಲಿ. ಅದಕ್ಕೂ ಮುಂಚಿನ ಆಲ್ಡಾಳ ಹಾಳೆಗಳೆಷ್ಟು? ಅವುಗಳಲ್ಲಿ ಅಂಚೆಕಚೇರಿಯಿಂದ ಅಳೆದವೆಷ್ಟು? ಎಲ್ಲವೂ. ಆಲ್ಡಾ ಬೇರೆ ಯಾವುದರಿಂದಲೂ ಅಳೆದವಳೇ ಅಲ್ಲ. ಆ ಒಂದೊಂದು ಚುಕ್ಕೆಯನ್ನೂ ಮೈಟೆ ತನ್ನ ಕೈಯಾರೆ ನಾಲ್ಕು ಮೈಲಿ ಆಚೆ ಇಟ್ಟಿದ್ದಳು. ಆ ಚುಕ್ಕೆಗಳನ್ನು ಬೇರೆಯವರು ನಕಲು ಮಾಡಿದ್ದರು. ನಕಲನ್ನು ನೋಡಿ ಇನ್ನೊಬ್ಬರು ಲೇಖನ ಬರೆದಿದ್ದರು. ಹೂವು ಸಿಕ್ಕಿದರೂ ಅದೇ ಗತಿ, ಸಿಗದಿದ್ದರೂ ಅದೇ ಗತಿ. ಒಂದು ಕಲ್ಲಿನ ಮೇಲೆ ಕೂತು ನೀರು ಕುಡಿದಳು. ಎದ್ದು ಹಿಂದಕ್ಕೆ ಹೋಗಿ, ಏನೂ ಇರಲಿಲ್ಲ ಎಂದರೆ ಕೇಳುವವರು ಯಾರೂ ಇಲ್ಲ ಎಂಬುದು ಕೂಡ ಹೊಳೆಯಿತು. ಅದನ್ನೂ ಒಂದಷ್ಟು ಹೊತ್ತು ಯೋಚಿಸಿದಳು. ಆಮೇಲೆ ಮುಂದಕ್ಕೇ ನಡೆದಳು.

ಹನ್ನೊಂದೂ ನಲವತ್ತಕ್ಕೆ ಕಣಿವೆ ಎಡಕ್ಕೆ ಹೊರಳಿದ ಕಡೆ ಇಳಿಜಾರು ಬೆಳ್ಳಗಾಯಿತು. ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬೂದಿಮಣ್ಣು, ಉತ್ತರಕ್ಕೆ ಮುಖ. ಕೈಯಲ್ಲಿದ್ದ ಯಂತ್ರ 6,710 ಅಡಿ ತೋರಿಸಿತು. ಎಂಬತ್ತು ವರ್ಷದ ಹಿಂದೆ ಟೈಪು ಮಾಡಿದ ಚೀಟಿಗೂ ಅದಕ್ಕೂ ಇದ್ದ ಅಂತರ ಹತ್ತೇ ಅಡಿ.

ಬಿಳಿ ಮಣ್ಣಿನ ತೇಪೆ ಅಗಲದಲ್ಲಿ ಒಂದು ಶಾಲೆಯ ಆಟದ ಬಯಲಿನಷ್ಟಿತ್ತು. ಮೈಟೆ ಅದನ್ನು ಹಗ್ಗ ಹಾಸಿ ಪಟ್ಟಿಪಟ್ಟಿಯಾಗಿ ಭಾಗ ಮಾಡಿಕೊಂಡು, ಎಡಮಂಡಿ ಊರಿ, ಬಲಗಾಲು ಚಾಚಿ, ಅಂಗೈ ಮೇಲೆ ತೆವಳುತ್ತ ನೋಡಿದಳು. ಮೊದಲ ಮೂರು ಪಟ್ಟಿಯಲ್ಲಿ ಬರೀ ಮಣ್ಣು. ಹನ್ನೆರಡೂ ಇಪ್ಪತ್ತೈದಕ್ಕೆ, ನಾಲ್ಕನೇ ಪಟ್ಟಿಯಲ್ಲಿ, ಒಂದು ಕಲ್ಲಿನ ಮಗ್ಗುಲಿಗೆ ಅದು ಇತ್ತು. ಬೂದಿ ಬಣ್ಣದ ಎಲೆ, ಒಂದೂವರೆ ಬೆರಳಿನ ಕಾಂಡ, ತುದಿಯಲ್ಲಿ ಮೂರು ಹೂವು. ನೇರಳೆ. ಆ ಬಣ್ಣವನ್ನು ಅವಳು ನೋಡಿರಲೇ ಇಲ್ಲ. ಹಾಳೆಯಲ್ಲಿ ಅದು ಹೋಗಿಯಾಗಿತ್ತು.

ಅವಳು ಕೂಗಲಿಲ್ಲ, ಅಳಲಿಲ್ಲ. ಗಡಿಯಾರ ನೋಡಿ ಹೊತ್ತು ಬರೆದುಕೊಂಡಳು. ಆಮೇಲೆ ಉಳಿದ ಪಟ್ಟಿಗಳನ್ನೆಲ್ಲ ಮುಗಿಸಿದಳು. ಎರಡು ಗಂಟೆಯ ಹೊತ್ತಿಗೆ ಒಟ್ಟು ಹದಿಮೂರು ಗಿಡ. ಇನ್ನೊಮ್ಮೆ ಮೊದಲಿನಿಂದ ಎಣಿಸಿದಳು. ಹದಿಮೂರೇ.

ಗಿಡ ಸಂಗ್ರಹಿಸುವವರಲ್ಲಿ ಒಂದು ಕಟ್ಟಳೆಯಿದೆ: ಇಪ್ಪತ್ತರಲ್ಲಿ ಒಂದು. ಇಪ್ಪತ್ತು ಗಿಡ ಇದ್ದರೆ ಒಂದನ್ನು ಕೀಳಬಹುದು, ನಲವತ್ತಿದ್ದರೆ ಎರಡು. ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಕೈ ಹಚ್ಚುವಂತಿಲ್ಲ. ಇದನ್ನು ಯಾರೂ ಬಂದು ಪರೀಕ್ಷಿಸುವುದಿಲ್ಲ. ಕಿತ್ತವರ ಚೀಟಿಯಲ್ಲಿ ಅವರೇ ಬರೆದ ಸಂಖ್ಯೆಯಷ್ಟೇ ಸಾಕ್ಷಿ. ಮೈಟೆ ಮೂವತ್ತೊಂದು ವರ್ಷದಿಂದ ವಿದ್ಯಾರ್ಥಿಗಳಿಗೆ ಅದನ್ನು ಪಾಠ ಮಾಡಿದ್ದಳು. ಈಗ ಅವಳ ಎದುರಿಗೆ ಹದಿಮೂರು ಗಿಡ, ಕೈಯಲ್ಲಿ ಚಾಕು, ಬೆನ್ನ ಮೇಲೆ ಗಿಡಗಳನ್ನು ಕಾಗದದ ನಡುವೆ ಒತ್ತಿ ಒಣಗಿಸುವ ಹಲಗೆ. ಸಮಿತಿಯ ನಮೂನೆಯ ಒಂಬತ್ತನೇ ಕಲಮು ‘ಹಾಳೆಯ ಸಂಖ್ಯೆ’. ಅದು ಖಾಲಿ ಇದ್ದರೆ ಕಂಡೆನೆಂಬ ಮಾತಿಗೆ ಅರ್ಧ ಬೆಲೆ ಎಂದು ಅವಳಿಗೆ ಗೊತ್ತಿತ್ತು. ಬೇರೆಯವರ ವಿಷಯದಲ್ಲಿ ಅವಳೇ ಎಷ್ಟೋ ಸಲ ಅರ್ಧ ಬೆಲೆ ಕಟ್ಟಿದ್ದಳು. ಇಪ್ಪತ್ತೊಂದು ಇದ್ದವು ಎಂದು ಬರೆದರೆ ಮುಗಿಯಿತು. ಆಲ್ಡಾಳ ಮಾತು ಉಳಿಯುತ್ತದೆ, ಹೂವಿಗೆ ಇನ್ನೊಂದು ಹಾಳೆಯಾಗುತ್ತದೆ.

ಚಾಕು ಮಡಚಿ ಜೇಬಿಗೆ ಹಾಕಿದಳು. ಒಂದು ಸುಳ್ಳು ಚೀಟಿ ಇದೆಯೆಂಬ ದೂರಿಗೆ ಉತ್ತರವಾಗಿ ಇನ್ನೊಂದು ಸುಳ್ಳು ಚೀಟಿ ಬರೆಯಲು ಅವಳಿಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಸುಳ್ಳನ್ನು ನೆನಪಿಟ್ಟುಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಹದಿಮೂರಕ್ಕೂ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆದಳು. ಪ್ರತಿಯೊಂದರ ಅಕ್ಷಾಂಶ ರೇಖಾಂಶ ಬರೆದುಕೊಂಡಳು. ಹಗ್ಗ ಸುತ್ತಿಕೊಂಡು, ಬಂದ ಹೆಜ್ಜೆಯಲ್ಲೇ ಕಾಲಿಟ್ಟು ಇಳಿದಳು.

ಅವಳು ಗಾಡಿ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ವರ್ಡಾ ಮುಖದ ಮೇಲೆ ಟೋಪಿ ಮುಚ್ಚಿಕೊಂಡು ನಿದ್ದೆ ಹೋಗಿದ್ದಳು. ಬಾಗಿಲು ತೆಗೆದ ಸದ್ದಿಗೆ ಎಚ್ಚರವಾದರೂ ಟೋಪಿ ತೆಗೆಯಲಿಲ್ಲ.

“ಇದೆ,” ಎಂದಳು ಮೈಟೆ. “9.4 ಮೈಲಿಗೆ. ಚೀಟೀಲಿ ಇದ್ದ ಹಾಗೇ.”

ವರ್ಡಾ ಟೋಪಿಯ ಕೆಳಗಿನಿಂದಲೇ ಕೇಳಿದಳು.

“ಎಷ್ಟಿವೆ?”

“ಹದಿಮೂರು.”

“ಕಿತ್ಯಾ?”

ಇಲ್ಲ ಎಂದೂ, ಯಾಕೆಂದೂ ಮೈಟೆ ಹೇಳಿದಳು. ವರ್ಡಾ ಟೋಪಿ ತೆಗೆದು ಎದ್ದು ಕೂತಳು. ಫೋಟೊಗಳನ್ನು ಒಂದೊಂದಾಗಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಅಮ್ಮ ಒಂಬತ್ತು ಕಿತ್ತಿದ್ಲು,” ಎಂದಳು.

“ಆಗ ಎಷ್ಟಿದ್ವೋ ಗೊತ್ತಿಲ್ಲ. ಬರ್ದಿಲ್ಲ.”

“ಅವ್ಳು ಬರೀದೆ ಬಿಟ್ಟಿದ್ದು ಅಂದ್ರೆ ಇದೊಂದೇ ಇರ್ಬೇಕು.” ಫೋನು ವಾಪಸು ಕೊಟ್ಟು ಡಬ್ಬಿ ತೆರೆದಳು. “ಪೇಸ್ಟಿ ಒಂದು ಉಳಿಸಿದೀನಿ. ತಿನ್ನು. ನಿನ್ನ ಮುಖ ನೋಡಿದ್ರೆ ಕಂಡಿದ್ದು ಹೂವೋ ಹೆಣವೋ ಗೊತ್ತಾಗ್ತಿಲ್ಲ.”

ಬುಧವಾರ ಬೆಳಗ್ಗೆ ಮೈಟೆ ಮೊದಲು ಮಾಡಿದ ಕೆಲಸ ಎಣಿಕೆ. ಆಲ್ಡಾಳ ಆರುನೂರಾ ಹನ್ನೊಂದು ಹಾಳೆಗಳಲ್ಲಿ ನಾನೂರಾ ಮೂವತ್ತೆಂಟು 1946ರ ಸೆಪ್ಟೆಂಬರಿಗಿಂತ ಮುಂಚಿನವು. ಅವುಗಳ ಚುಕ್ಕೆಗಳೆಲ್ಲ ತಪ್ಪು. ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟಳು. ಆಮೇಲೆ 412ರ ಹಾಳೆಯನ್ನು ಎಳೆದುಕೊಂಡಳು. ಹಳೆಯ ಚೀಟಿಯನ್ನು ಅಳಿಸುವುದಾಗಲಿ ತಿದ್ದುವುದಾಗಲಿ ಹರ್ಬೇರಿಯಂನಲ್ಲಿ ಇಲ್ಲ. ಯಾರಿಗೆ ಏನು ಹೇಳುವುದಿದ್ದರೂ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ಹೆಸರು, ತಾರೀಕು ಬರೆಯಬೇಕು. ಅವಳು ಹೀಗೆ ಬರೆದಳು: “ಸ್ಥಳ: ಟಿಬೆಟ್ಸ್ ಕಣಿವೆ. 1938ರಲ್ಲಿ ಅಂಚೆಕಚೇರಿ ಗಿರಣಿಯ ಬಳಿ ಸಂಗ್ರಾಹಕಿಯ ಮನೆಯಲ್ಲಿತ್ತು. ಮೂಲ ಚೀಟಿ ಸರಿಯಾಗಿದೆ. ಹಿಂದಿನ ಗುರುತು ತಪ್ಪು; ಗುರುತಿಸಿದವಳು ನಾನು. ಮೈಟೆ ಲಾರಾಲ್ಡೆ, ಮೇ 16, 2018.”

ವರದಿಯನ್ನೂ ಹೊಸದಾಗಿ ಬರೆದಳು. ಮಧ್ಯಾಹ್ನ ವರ್ಡಾ ಫೋನು ಮಾಡಿ ಓದಿ ಹೇಳೆಂದಳು. ಮೈಟೆ ನಿಧಾನವಾಗಿ ಪೂರ್ತಿ ಓದಿದಳು.

“ಅಮ್ಮನಿಗೆ ತರಬೇತಿ ಇರ್ಲಿಲ್ಲ ಅನ್ನೋದು?”

“ತೆಗೆದುಬಿಟ್ಟೆ.”

“ಅದು ನಿಜಾನೇ ಅಲ್ವಾ. ಇರ್ಲಿ ಬಿಡು, ಹಾಕು.”

ಮೈಟೆ ಆ ವಾಕ್ಯವನ್ನು ಮತ್ತೆ ಹಾಕಿದಳು. ಅದರ ಮುಂದೆ, ಮೈಲಿಯೂ ಎತ್ತರವೂ ಸರಿಯಾಗಿ ತಾಳೆಯಾಗಿವೆ ಎಂದು ಸೇರಿಸಿದಳು. ಸಹಿ ಹಾಕಿ ಸಂಜೆ ಐದಕ್ಕೆ ಕಳಿಸಿದಳು.

ಗುರುವಾರ ಸಮಿತಿಯ ಏಳು ಮಂದಿಯಲ್ಲಿ ಐವರು ಕೋಣೆಯಲ್ಲಿದ್ದರು, ಇಬ್ಬರು ಫೋನಿನಲ್ಲಿ. ಆರನೇ ವಿಷಯಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಒಂಬತ್ತನೇ ಕಲಮು ಯಾಕೆ ಖಾಲಿ ಎಂದು ಒಬ್ಬರು ಕೇಳಿದರು. ಹದಿಮೂರೇ ಇದ್ದವು ಎಂದು ಮೈಟೆ ಹೇಳಿದಳು. ಕೇಳಿದವರು ತಲೆಯಾಡಿಸಿ ಬರೆದುಕೊಂಡರು. ಇಪ್ಪತ್ತೆರಡು ವರ್ಷ ತಪ್ಪು ಕಣಿವೆಯಲ್ಲಿ ಗುರುತು ಹೇಗಾಯಿತು ಎಂದು ಫೋನಿನಲ್ಲಿದ್ದವರೊಬ್ಬರು ಕೇಳಿದರು. ಅದಕ್ಕೂ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟಳು: ಫಲಕವನ್ನು ನಂಬಿದೆ, ಊರಿನವರನ್ನು ಕೇಳಲಿಲ್ಲ. ಬೂದಿ ಗಿಲಿಯಾ ಪಟ್ಟಿಯಲ್ಲೇ ಉಳಿಯಿತು. ‘ಕೊನೆಯ ಬಾರಿ ಕಂಡದ್ದು’ ಎಂಬ ಕಡೆ 1938 ಹೋಗಿ 2018 ಬಂತು. ಆಲ್ಡಾಳ ಹಾಳೆಗಳಿಗೆ ಸಂಶಯದ ಗುರುತು ಬೀಳಲಿಲ್ಲ. ಅಧ್ಯಕ್ಷರು ಏಳನೇ ವಿಷಯ ತೆಗೆದುಕೊಂಡರು.

ಜೂನ್ ನಾಲ್ಕರಂದು ಮೈಟೆ ಸಂಖ್ಯೆ ಒಂದರಿಂದ ಚುಕ್ಕೆಗಳನ್ನು ತಿದ್ದಲು ಕೂತಳು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಾನೂರಾ ಮೂವತ್ತೆಂಟರಲ್ಲಿ ನೂರಾ ಅರವತ್ತೆರಡು ಮುಗಿದಿದ್ದವು.